ಇಂಗ್ಲೆಂಡ್ ಕರಾವಳಿಯ ಹಳೆಯ ಫ್ರೆಂಚ್ ಕಡಲ ನಕ್ಷೆಗಳು: ಯಾವುದನ್ನು ಕೊಳ್ಳುವುದು, ಏನು ನೋಡಿ ಕೊಳ್ಳುವುದು

ಹರಾಜಿನ ಪಟ್ಟಿಯಲ್ಲೋ ಹಳೆಯ ನಕ್ಷೆಗಳ ಅಂಗಡಿಯಲ್ಲೋ "ಇಂಗ್ಲೆಂಡ್ ಕರಾವಳಿ, ಫ್ರೆಂಚ್, ಪುರಾತನ" ಎಂದು ಹುಡುಕಿದರೆ ನಾಲ್ಕೈದು ಬೇರೆ ಬೇರೆ ಜಾತಿಯ ಹಾಳೆಗಳು ಒಂದೇ ಗುಂಪಾಗಿ ಬಂದು ಬೀಳುತ್ತವೆ. ಒಂದು ಅಂಗೈ ಅಗಲದ ಬಂದರಿನ ಪ್ಲಾನು, ಇನ್ನೊಂದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಾಲುವೆಯ, ಗೋಡೆ ತುಂಬುವ ನಕ್ಷೆ. ಒಂದು 1693ರದು, ಇನ್ನೊಂದು 1860ರ ಸುಮಾರಿನದು. ಬೆಲೆಯಲ್ಲಿ ಅಜಗಜಾಂತರ. ಮಾರುವವರ ವಿವರಣೆ ಮಾತ್ರ ಎಲ್ಲಕ್ಕೂ ಒಂದೇ: "ಅಪರೂಪದ, ಸುಂದರ, ಮೂಲ ಕೆತ್ತನೆ."

ಕೊಳ್ಳುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಇವು ಶತ್ರುವಿನ ದಡದ ನಕ್ಷೆಗಳು. 1688ರಿಂದ 1815ರವರೆಗೆ ಫ್ರಾನ್ಸ್ ಮತ್ತು ಇಂಗ್ಲೆಂಡ್ ಮತ್ತೆ ಮತ್ತೆ ಯುದ್ಧಕ್ಕಿಳಿದಿದ್ದವು. ತನ್ನ ದಡವನ್ನು ಫ್ರೆಂಚ್ ನೌಕಾಪಡೆ ಎಂಜಿನಿಯರುಗಳನ್ನು ಕಳಿಸಿ ಅಳೆಸಬಹುದಿತ್ತು. ಪ್ಲಿಮತ್ ಕೊಲ್ಲಿಗೆ ದೋಣಿ ಇಳಿಸಿ, ಸೀಸದ ಗುಂಡು ಕಟ್ಟಿದ ಹಗ್ಗ ಬಿಟ್ಟು ಆಳ ನೋಡುವುದು ಆಗದ ಮಾತು. ಹಾಗಾಗಿ ಇಂಗ್ಲಿಷ್ ದಡದ ಬಹುಪಾಲು ವಿವರ ಇಂಗ್ಲಿಷ್ ನಕ್ಷೆಗಳಿಂದ, ಡಚ್ ನಕ್ಷೆಗಳಿಂದ, ನಾವಿಕರ ಟಿಪ್ಪಣಿಗಳಿಂದ ಜೋಡಿಸಿದ್ದು. ಜೋಡಿಸಿದ ಕೈ ಯಾರದು, ಎಷ್ಟು ಎಚ್ಚರದ್ದು ಎನ್ನುವುದರ ಮೇಲೆಯೇ ಹಾಳೆಯ ನಿಜವಾದ ಬೆಲೆ ನಿಂತಿದೆ. ಬಣ್ಣ, ಅಲಂಕಾರ, ಚಿನ್ನದ ಫ್ರೇಮು ಎಲ್ಲ ಆಮೇಲೆ.

1693ರ ನೆಪ್ಟ್ಯೂನ್: ಪ್ಯಾರಿಸ್ಸಿನದೋ, ಆಮ್‌ಸ್ಟರ್‌ಡ್ಯಾಮಿನದೋ

ಹದಿನಾಲ್ಕನೇ ಲೂಯಿಯ ಆಜ್ಞೆಯಂತೆ ತಯಾರಾಗಿ 1693ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಕಡಲ ಅಟ್ಲಾಸು ನೆಪ್ಟ್ಯೂನ್ ಫ್ರಾಂಸ್ವಾ. ಪ್ರಕಾಶಕ ಯೂಬೆರ್ ಝಾಯೋ. ನಾರ್ವೆಯಿಂದ ಜಿಬ್ರಾಲ್ಟರ್‌ವರೆಗಿನ ದಡಕ್ಕೆ 29 ನಕ್ಷೆಗಳು. ಇಂಗ್ಲೆಂಡಿನ ದಕ್ಷಿಣ ದಡ ಬೇಕೆನ್ನುವವರು ಇದರಲ್ಲಿ ಹುಡುಕುವುದು ಲಾ ಮಾಂಶ್ ಹಾಳೆಯನ್ನು. ನಾವು ಇಂಗ್ಲಿಷ್ ಕಾಲುವೆ ಎನ್ನುವುದನ್ನು ಫ್ರೆಂಚರು ಅಂಗಿಯ ತೋಳು ಎಂದು ಕರೆದರು. ನಕ್ಷೆ ನೋಡಿದರೆ ಆ ಹೆಸರು ಎಷ್ಟು ಸರಿ ಎಂದು ಕಾಣುತ್ತದೆ.

ಈ ಹಾಳೆಯ ತೂಕ ಅದರ ಕಾಲದಲ್ಲಿದೆ. 1690ರ ಜುಲೈನಲ್ಲಿ ಟೂರ್ವಿಲ್‌ನ ಫ್ರೆಂಚ್ ಪಡೆ ಬೀಚಿ ಹೆಡ್ ಎದುರು ಇಂಗ್ಲಿಷ್ ಮತ್ತು ಡಚ್ ಹಡಗುಗಳನ್ನು ಸೋಲಿಸಿ, ಟಾರ್‌ಬೇಯಲ್ಲಿ ಲಂಗರು ಹಾಕಿ, ಟೀನ್‌ಮತ್ ಊರಿಗೆ ಬೆಂಕಿ ಇಟ್ಟಿತ್ತು. ಫ್ರೆಂಚರಿಗೆ ಅದು ಬೆವೆಝಿಯೆ ಯುದ್ಧ. ಹಳೆಯ ಫ್ರೆಂಚ್ ನಕ್ಷೆಯಲ್ಲಿ ಸಸೆಕ್ಸ್ ದಡದ ಆ ಬಿಳಿ ಬಂಡೆಯ ಚಾಚಿನ ಪಕ್ಕ ಹುಡುಕಬೇಕಾದ ಹೆಸರೂ ಅದೇ. ಡೋವರ್ ಅನ್ನು ದೂವ್ರ್, ಥೇಮ್ಸನ್ನು ತಮೀಸ್, ಸಿಲಿ ದ್ವೀಪಗಳನ್ನು ಸೊರ್ಲಾಂಗ್, ಕೆಂಟ್ ದಡದ ಡೌನ್ಸ್ ಲಂಗರುದಾಣವನ್ನು ಲೇ ದ್ಯೂನ್ ಎಂದು ಬರೆದಿರುತ್ತಾರೆ. ಪಟ್ಟಿ ಬರೆದವರು ಫ್ರೆಂಚ್ ಹೆಸರನ್ನಷ್ಟೇ ನಮೂದಿಸಿ ಸುಮ್ಮನಾಗಿರುವುದುಂಟು. ಇವನ್ನು ಹಾಕಿ ಹುಡುಕಿದರೆ ಬೇರೆಯವರ ಕಣ್ಣಿಗೆ ಬೀಳದ ಹಾಳೆ ನಿಮಗೆ ಸಿಗಬಹುದು.

ತೊಡಕು ಇಲ್ಲಿಂದ ಶುರು. ಅದೇ 1693ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪೀಟರ್ ಮೋರ್ಟಿಯೆ ಇಡೀ ಅಟ್ಲಾಸನ್ನು ಹೊಸ ತಾಮ್ರದ ತಟ್ಟೆಗಳ ಮೇಲೆ ಮತ್ತೆ ಕೆತ್ತಿಸಿ, ಮುಖಪುಟದಲ್ಲಿ ಪ್ಯಾರಿಸ್ಸಿನ ಝಾಯೋ ಹೆಸರನ್ನೇ ಉಳಿಸಿ ಮಾರಿದ. ಹಾಗಾಗಿ "ಪ್ಯಾರಿಸ್, ಝಾಯೋ, 1693" ಎಂದು ಬರೆದಿದ್ದರೆ ಅದು ಪ್ಯಾರಿಸ್ಸಿನ ಮುದ್ರಣವೆಂದು ತಿಳಿಯುವ ಹಾಗಿಲ್ಲ. ಪ್ಯಾರಿಸ್ ಪ್ರತಿಯ ಸ್ಕ್ಯಾನನ್ನು ಫ್ರೆಂಚ್ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ತೆರೆದು, ಮಾರುವವರು ಕೊಟ್ಟ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಶೀರ್ಷಿಕೆಯ ಚೌಕಟ್ಟಿನ ಎಲೆ ಬಳ್ಳಿ, ಅಕ್ಷರಗಳ ನಡುವಿನ ಜಾಗ, ದಿಕ್ಸೂಚಿ ಗುಲಾಬಿಯ ಕಿರಣಗಳು, ಅಂಕಿಯ ಬಾಲ, ಇವು ಎರಡು ತಟ್ಟೆಗಳಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರಲು ಸಾಧ್ಯವಿಲ್ಲ. ಮೂರು ಜಾಗ ಹೋಲಿಸಿದರೆ ಸಾಕು, ಹತ್ತು ನಿಮಿಷದ ಕೆಲಸ.

ಹಾಗಾದರೆ ಮೋರ್ಟಿಯೆಯ ಹಾಳೆ ಕಳಪೆಯೇ? ಖಂಡಿತ ಅಲ್ಲ. ಕೆತ್ತನೆ ಚೆನ್ನ, ಕಾಗದ ದಪ್ಪ, ಆ ಕಾಲದ್ದೇ ಬಣ್ಣ ಇರುವ ಪ್ರತಿಗಳು ಹೆಚ್ಚಾಗಿ ಸಿಗುವುದು ಇದರಲ್ಲೇ. ಗೋಡೆಯ ಮೇಲೆ ಕಣ್ಣು ಸೆಳೆಯುವ ದೊಡ್ಡ ಹಾಳೆ ಬೇಕಾದರೆ ಮೋರ್ಟಿಯೆ ತೆಗೆದುಕೊಳ್ಳಿ. ಫ್ರೆಂಚ್ ನೌಕಾಪಡೆಯ ಇತಿಹಾಸಕ್ಕಾಗಿ ಕೊಳ್ಳುವವರಿಗೆ ಝಾಯೋ ಹಾಳೆಯೇ ಬೇಕು. ಮೋರ್ಟಿಯೆಯದನ್ನು ಝಾಯೋ ಎಂದು ಮಾರುವುದಷ್ಟೇ ತಪ್ಪು; ಎರಡರ ಬೆಲೆ ಬೇರೆ, ಕೊಳ್ಳುವ ಕಾರಣವೂ ಬೇರೆ.

ತಟ್ಟೆಯ ವಯಸ್ಸು ತಿಳಿಯಲು ಒಂದು ಉಪಾಯವಿದೆ. ಪ್ಲಿಮತ್‌ನಿಂದ ನೈಋತ್ಯಕ್ಕೆ, ಬಯಲು ಕಡಲಿನಲ್ಲಿ ಎಡಿಸ್ಟೋನ್ ಬಂಡೆಯ ಗುರುತಿರುತ್ತದೆ. ಅದರ ಮೇಲೆ ಮೊದಲ ದೀಪ ಹೊತ್ತಿದ್ದು 1698ರಲ್ಲಿ. 1693ರದೆಂದು ಹೇಳುವ ಹಾಳೆಯಲ್ಲಿ ಬಂಡೆಯ ಮೇಲೆ ಗೋಪುರ ಕಂಡರೆ ತಟ್ಟೆಯನ್ನು ಆಮೇಲೆ ತಿದ್ದಲಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಗೋಪುರ ಇಲ್ಲ ಎನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಹಳೆಯ ತಟ್ಟೆಯನ್ನು ತಿದ್ದದೆ ದಶಕಗಟ್ಟಲೆ ಅಚ್ಚು ಹಾಕುತ್ತಿದ್ದರು. ಇಂಗ್ಲೆಂಡಿನ ದಕ್ಷಿಣ ತುದಿಯ ಲಿಝರ್ಡ್ ಚಾಚಿನ ಜೋಡಿ ದೀಪಗಳೂ ಹೀಗೆಯೇ: ಅವು 1752ರ ನಂತರದವು.

ಬೆಲ್ಲಿನ್‌ನ ದೊಡ್ಡ ಹಾಳೆಗಳು

ಒಂದೇ ಒಂದು ಹಾಳೆ ಕೊಳ್ಳುವುದಾದರೆ ಯಾವುದು ಎಂದು ಕೇಳಿದವರಿಗೆ ನಮ್ಮ ಉತ್ತರ ಇದು. ಫ್ರೆಂಚ್ ನೌಕಾಪಡೆಯ ನಕ್ಷೆ ಭಂಡಾರ, ದೆಪೋ ದ ಲಾ ಮರೀನ್, ಶುರುವಾದದ್ದು 1720ರಲ್ಲಿ. ಝಾಕ್ ನಿಕೊಲಾ ಬೆಲ್ಲಿನ್ ಮರುವರ್ಷವೇ ಹದಿಹರೆಯದಲ್ಲಿ ಅಲ್ಲಿ ಕೆಲಸಕ್ಕೆ ಸೇರಿ, 1741ರಲ್ಲಿ ಜಲನಕ್ಷೆಯ ಎಂಜಿನಿಯರ್ ಆಗಿ, 1772ರಲ್ಲಿ ಸಾಯುವವರೆಗೂ ಅದನ್ನೇ ಮಾಡಿದ. 1753ರಲ್ಲಿ ಹಳೆಯ ನೆಪ್ಟ್ಯೂನನ್ನು ತಿದ್ದಿ ಮತ್ತೆ ಹೊರತಂದವನೂ ಅವನೇ. ಏಳು ವರ್ಷಗಳ ಯುದ್ಧ ನಡೆಯುತ್ತಿದ್ದ 1757ರಲ್ಲಿ ಬ್ರಿಟಿಷ್ ದ್ವೀಪಗಳ ನಕ್ಷೆಯನ್ನು ಐದು ಹಾಳೆಗಳಲ್ಲಿ ಕೊಟ್ಟ. ಜೊತೆಗೆ ಆ ದ್ವೀಪಗಳ ಭೂಗೋಳದ ಮೇಲೆ ವಿವರಣೆಯ ಪುಸ್ತಕವನ್ನೂ ಬರೆದ.

ಅವನ ದೊಡ್ಡ ನಕ್ಷೆಗಳ ತಲೆಬರಹ "ಕಾರ್ಟ್ ರೆದ್ವೀತ್" ಎಂದು ಶುರುವಾಗುತ್ತದೆ. ಅದನ್ನು "ಚಿಕ್ಕದು ಮಾಡಿದ ನಕ್ಷೆ" ಎಂದು ಅನುವಾದಿಸಿ, ಯಾವುದೋ ದೊಡ್ಡ ನಕ್ಷೆಯ ಕಿರುಪ್ರತಿ ಎಂಬಂತೆ ಮಾರುವವರಿದ್ದಾರೆ. ಅರ್ಥ ಅದಲ್ಲ. ಉತ್ತರಕ್ಕೆ ಹೋದಂತೆ ಅಕ್ಷಾಂಶಗಳ ನಡುವಿನ ಅಂತರ ಹಿಗ್ಗುವ ಮರ್ಕೇಟರ್ ವಿಧಾನದ ನಕ್ಷೆಗೆ ಫ್ರೆಂಚ್ ನಾವಿಕರು ಇಟ್ಟ ಹೆಸರು ಅದು. ಅಂಚಿನ ಅಳತೆಪಟ್ಟಿಯನ್ನು ಸ್ಕೇಲಿನಲ್ಲಿ ಅಳೆದರೆ 49ರಿಂದ 50ರವರೆಗಿನ ಒಂದು ಡಿಗ್ರಿಗಿಂತ 51ರಿಂದ 52ರವರೆಗಿನದು ತುಸು ಉದ್ದ ಇರುವುದು ಗೊತ್ತಾಗುತ್ತದೆ.

ಈ ಹಾಳೆಗಳು ಸುಮಾರು 60 ಸೆಂಟಿಮೀಟರ್ ಎತ್ತರ, 90 ಅಗಲ. ನಡುವೆ ಒಂದು ಮಡಿಕೆ ಇರುವುದು ಸಹಜ, ಅಟ್ಲಾಸಿನಲ್ಲಿ ಹಾಗೆಯೇ ಕಟ್ಟುತ್ತಿದ್ದರು. ಕೆಳಗಿನ ಬಲಮೂಲೆಯ ಬಳಿ ಸಣ್ಣ ಅಕ್ಷರದಲ್ಲಿ ಬೆಲೆ ಕೆತ್ತಿರುವ ಪ್ರತಿಗಳು ಸಿಗುತ್ತವೆ: ಮೂವತ್ತು ಸೋಲ್ (ಆಗಿನ ಫ್ರೆಂಚ್ ನಾಣ್ಯ). ದೆಪೋದ ಲಂಗರಿನ ಮುದ್ರೆ ಒತ್ತಿರುವುದೂ ಉಂಟು. ಇವೆರಡೂ ಇರುವ ಹಾಳೆ ನೌಕಾಪಡೆಯ ಬಳಕೆಗೂ ನಾವಿಕರಿಗೆ ಮಾರಾಟಕ್ಕೂ ಅಚ್ಚಾದದ್ದು. ಮುದ್ರೆಯನ್ನು ಕೊಳೆ ಎಂದು ತಿಳಿದು ತೊಳೆಸಿ ಹಾಕಿದ ಹಾಳೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶೀರ್ಷಿಕೆಯಲ್ಲಿ "ಇಂಥ ಮಂತ್ರಿಯ ಆಜ್ಞೆಯಂತೆ" ಎಂಬ ಸಾಲಿರುತ್ತದೆ. ಕಾಲ ಗುರುತಿಸಲು ಅದು ಒಳ್ಳೆಯ ಆಧಾರ. ನೌಕಾಮಂತ್ರಿಯಾಗಿ ಮೊರೆಪಾ 1749ರವರೆಗೆ ಇದ್ದ. ರುಯ್ಯೆ 1749ರಿಂದ 1754. ಮಶೋ 1754ರಿಂದ 1757. ಬೆರಿಯೆ 1758ರಿಂದ 1761. ಶ್ವಾಝೆಲ್ 1761ರಿಂದ 1766. ಸಾರ್ತೀನ್ 1774ರಿಂದ 1780. ಶೀರ್ಷಿಕೆಯ ವರ್ಷಕ್ಕೂ ಮಂತ್ರಿಯ ಹೆಸರಿಗೂ ತಾಳೆಯಾಗದಿದ್ದರೆ ತಟ್ಟೆಯ ಒಂದು ಭಾಗವನ್ನು ಮಾತ್ರ ತಿದ್ದಿದ್ದಾರೆ ಎಂದರ್ಥ. ಅದು ದೋಷವಲ್ಲ, ತಟ್ಟೆ ಬಾಳಿದ ಕತೆ. ಆದರೆ ಮೊದಲ ಮುದ್ರಣದ ಬೆಲೆಯನ್ನು ಅದಕ್ಕೆ ಕೊಡಬೇಡಿ. ಬೆಲ್ಲಿನ್ ತೀರಿಕೊಂಡ ಮೇಲೂ ಅವನ ತಟ್ಟೆಗಳು ಅಚ್ಚಾಗುತ್ತಲೇ ಇದ್ದವು.

ಕೆಳಗಿನ ಅಂಚಿನಲ್ಲಿ ರೇಖಾಂಶದ ಪಟ್ಟಿ ಒಂದಲ್ಲ, ಎರಡೋ ಮೂರೋ ಇರುತ್ತವೆ: ಪ್ಯಾರಿಸ್ಸಿನಿಂದ, ಲಂಡನ್ನಿನಿಂದ, ಲಿಝರ್ಡ್ ಚಾಚಿನಿಂದ, ಕೆನರಿ ದ್ವೀಪಗಳ ಫೆರೋದಿಂದ. ಹೊಸಬರು ತಬ್ಬಿಬ್ಬಾಗುವುದು ಇಲ್ಲಿಯೇ. ಲೆಕ್ಕ ಸುಲಭ. ಪ್ಯಾರಿಸ್ ಗ್ರೀನಿಚ್‌ನಿಂದ 2 ಡಿಗ್ರಿ 20 ಮಿನಿಟು ಪೂರ್ವಕ್ಕಿದೆ. ಪ್ಲಿಮತ್ ಗ್ರೀನಿಚ್‌ನಿಂದ ಸುಮಾರು 4 ಡಿಗ್ರಿ 9 ಮಿನಿಟು ಪಶ್ಚಿಮ. ಎರಡನ್ನೂ ಕೂಡಿದರೆ ಪ್ಯಾರಿಸ್ಸಿನಿಂದ 6 ಡಿಗ್ರಿ 29 ಮಿನಿಟು. ಫೆರೋ ಪ್ಯಾರಿಸ್ಸಿಗಿಂತ 20 ಡಿಗ್ರಿ ಪಶ್ಚಿಮ ಎಂದು ಒಪ್ಪಿಕೊಂಡಿದ್ದರಿಂದ, ಆ ಪಟ್ಟಿಯಲ್ಲಿ ಪ್ಲಿಮತ್ 13 ಡಿಗ್ರಿ 31 ಮಿನಿಟು ಪೂರ್ವ. ನಿಮ್ಮ ಹಾಳೆಯ ಅಂಕಿ ಇದಕ್ಕೆಷ್ಟು ಹತ್ತಿರವಿದೆ ನೋಡಿ. ಜೋಡಿಸಿದ ಕೈಯ ಎಚ್ಚರ ತಾನಾಗಿ ತಿಳಿಯುತ್ತದೆ.

ಇನ್ನೊಂದು ಪರೀಕ್ಷೆಗೆ ಸ್ಕೇಲು ಒಂದಿದ್ದರೆ ಸಾಕು. ಲಿಝರ್ಡ್ ಚಾಚಿನ ತುದಿಯ ಅಕ್ಷಾಂಶ 49 ಡಿಗ್ರಿ 57 ಮಿನಿಟು. ಸಿಲಿ ಗುಂಪಿನ ಸೇಂಟ್ ಆಗ್ನೆಸ್ ದ್ವೀಪದ್ದು 49 ಡಿಗ್ರಿ 53 ಮಿನಿಟು ಚಿಲ್ಲರೆ. ಅಂದರೆ ಲಿಝರ್ಡ್‌ನಿಂದ ಪಶ್ಚಿಮಕ್ಕೆ ಮಟ್ಟಸ ಗೆರೆ ಹಿಡಿದರೆ ಸೇಂಟ್ ಆಗ್ನೆಸ್ ಆ ಗೆರೆಗಿಂತ ಚೂರು ಕೆಳಗೆ ಬರಬೇಕು. ಹಳೆಯ ನಕ್ಷೆಗಳು ಸಿಲಿಯನ್ನು ಉತ್ತರಕ್ಕೆ ತಳ್ಳಿಬಿಟ್ಟಿದ್ದವು. 1707ರ ಅಕ್ಟೋಬರಿನಲ್ಲಿ ಶವೆಲ್ ಸಾರಥ್ಯದ ಇಂಗ್ಲಿಷ್ ಪಡೆಯ ನಾಲ್ಕು ಹಡಗುಗಳು ಆ ದ್ವೀಪಗಳ ಬಂಡೆಗೆ ಬಡಿದು ಮುಳುಗಿದವು. ಪಾರದರ್ಶಕ ಸ್ಕೇಲನ್ನು ಗಾಜಿನ ಮೇಲಿಂದ ಹಿಡಿದು ಈ ಒಂದು ಅಂತರವನ್ನು ಅಳೆದರೆ, ನಿಮ್ಮ ಹಾಳೆ ಹಳೆಯ ತಪ್ಪನ್ನು ಹೊತ್ತುಕೊಂಡು ಬಂದಿದೆಯೋ ತಿದ್ದಿಕೊಂಡಿದೆಯೋ ಎಂದು ಕಣ್ಣಾರೆ ಕಾಣಬಹುದು.

ಆಳದ ಅಂಕಿಗಳೂ ಹೀಗೆ ಓದಬೇಕಾದವು. ಫ್ರೆಂಚರ ಬ್ರಾಸ್, ಇಂಗ್ಲಿಷರ ಫ್ಯಾದಮ್, ಎರಡೂ ನಮ್ಮ ಮಾರಿನ ಹಾಗೆ ಚಾಚಿದ ಎರಡು ಕೈಗಳ ಅಳತೆಯೇ. ಆದರೆ ಬ್ರಾಸ್ ಅಂದರೆ ಐದು ರಾಜ ಅಡಿ (ಹಳೆಯ ಫ್ರೆಂಚ್ ಅಡಿ), 1.62 ಮೀಟರ್, ಫ್ಯಾದಮ್ ಆರು ಇಂಗ್ಲಿಷ್ ಅಡಿ, 1.83 ಮೀಟರ್. ಹತ್ತು ಮಾರು ಎಂದಾಗ ಇಬ್ಬರ ನಡುವೆ ಎರಡು ಮೀಟರ್ ನೀರಿನ ವ್ಯತ್ಯಾಸ. ಇಂಗ್ಲಿಷ್ ನಕ್ಷೆಯಿಂದ ಅಂಕಿಯನ್ನು ಹಾಗೆಯೇ ಎತ್ತಿಕೊಂಡರೋ, ಬ್ರಾಸಿಗೆ ಬದಲಿಸಿದರೋ ಎಂಬುದು ಹಡಗಿನ ತಳಕ್ಕೆ ಪ್ರಾಣದ ಪ್ರಶ್ನೆ. ಶೀರ್ಷಿಕೆಯ ಬಳಿ ಅಳತೆಯ ಟಿಪ್ಪಣಿ ಇದೆಯೇ ನೋಡಿ. ಅಂಕಿಗಳ ಪಕ್ಕದಲ್ಲಿ ಒಂಟಿ ಅಕ್ಷರವಿದ್ದರೆ ಅದು ತಳದ ಸ್ವಭಾವ: ಎಸ್ ಮರಳು, ವಿ ಕೆಸರು, ಆರ್ ಬಂಡೆ. ದೂರದ ಅಂತರ ಸಾಗರ ಲೀಗಿನಲ್ಲಿರುತ್ತದೆ. ಡಿಗ್ರಿಗೆ 20, ಅಂದರೆ ಒಂದು ಲೀಗ್ ಐದೂವರೆ ಕಿಲೋಮೀಟರಿಗೆ ಚೂರು ಹೆಚ್ಚು.

1779ರ ಬೇಸಿಗೆಯಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಹಡಗುಗಳು ಒಟ್ಟಾಗಿ ಪ್ಲಿಮತ್ ಎದುರು ಬಂದು, ಹಡಗಿನೊಳಗೇ ರೋಗ ಹರಡಿ, ದಾಳಿ ಮಾಡದೆ ಹಿಂತಿರುಗಿದವು. ಆ ತಲೆಮಾರಿನ ಫ್ರೆಂಚ್ ಅಧಿಕಾರಿಗಳಿಗೆ ಈ ಕರಾವಳಿ ಕಂಡಿದ್ದು ಬೆಲ್ಲಿನ್ ಮತ್ತು ದೆಪೋದ ಹಾಳೆಗಳ ಮೂಲಕ. ಕಪ್ಪು ಗೆರೆ, ಖಾಲಿ ಒಳನಾಡು, ದಡದುದ್ದಕ್ಕೂ ಒತ್ತೊತ್ತಾಗಿ ಹೆಸರುಗಳು. ಇದರಲ್ಲಿ ಅಲಂಕಾರ ಕಡಿಮೆ, ಕೆಲಸ ಹೆಚ್ಚು. ಅದಕ್ಕೇ ನಮಗೆ ಇಷ್ಟ.

ಬೆಲ್ಲಿನ್‌ನ ಪುಟ್ಟ ಪ್ಲಾನುಗಳು

1764ರ ಪೆತಿ ಅಟ್ಲಾಸ್ ಮಾರಿತೀಮ್ ಐದು ಸಂಪುಟ, ಸುಮಾರು 580 ನಕ್ಷೆಗಳ ದೊಡ್ಡ ಕೆಲಸ. ಇಂಗ್ಲೆಂಡಿನ ಬಂದರುಗಳು ನಾಲ್ಕನೇ ಸಂಪುಟದಲ್ಲಿವೆ. ಕೆತ್ತನೆಯ ಅಳತೆ ಹೆಚ್ಚಾಗಿ 22ಕ್ಕೆ 17 ಸೆಂಟಿಮೀಟರಿನ ಆಸುಪಾಸು. ಮೇಲಿನ ಮೂಲೆಯಲ್ಲಿ ಸಂಪುಟದ ಅಂಕಿ, ನಕ್ಷೆಯ ಅಂಕಿ ಕೆತ್ತಿರುತ್ತದೆ. ಅದು ಇದ್ದರೆ ಹಾಳೆ ಎಲ್ಲಿಂದ ಬಂತೆಂಬ ಗೊಂದಲವೇ ಇಲ್ಲ. ಮೊದಲ ಸಲ ಕೊಳ್ಳುವವರಿಗೆ, ಪೋರ್ಟ್ಸ್‌ಮತ್ತಿನಲ್ಲೋ ಪ್ಲಿಮತ್ತಿನಲ್ಲೋ ನೆಲೆಸಿ ತಮ್ಮ ಊರಿನ ಹಳೆಯ ಮುಖ ಮನೆಯಲ್ಲಿ ಇರಲಿ ಎನ್ನುವ ಕನ್ನಡಿಗರಿಗೆ, ಎಲ್ಲಕ್ಕಿಂತ ಅಗ್ಗದ ದಾರಿ ಇದೇ. ಚಿಕ್ಕದಾದ್ದರಿಂದ ಕೋಣೆಯ ಯಾವ ಮೂಲೆಗೂ ಒಗ್ಗುತ್ತದೆ, ಅಂಚೆಯಲ್ಲಿ ಸುರಕ್ಷಿತವಾಗಿ ಬರುತ್ತದೆ.

ಆಳದ ವಿವರ ಇದರಲ್ಲಿ ತೆಳು. ಇದೇ ಜಾಗದ ಇಂಗ್ಲಿಷ್ ನಕ್ಷೆಯ ಮುಂದೆ ಇಟ್ಟರೆ ಬಡವಾಗಿ ಕಾಣುತ್ತದೆ. ಇನ್ನೊಂದು ಎಚ್ಚರಿಕೆ: ಇವುಗಳಿಗೆ ಇತ್ತೀಚೆಗೆ ಬಣ್ಣ ಹಚ್ಚಿ ಬೆಲೆ ಏರಿಸುವುದು ವ್ಯಾಪಾರದ ರೂಢಿಯಾಗಿಬಿಟ್ಟಿದೆ. ಬಣ್ಣವಿಲ್ಲದ ಪ್ರತಿಯನ್ನೇ ಕೇಳಿ.

ಹತ್ತೊಂಬತ್ತನೇ ಶತಮಾನದ ಹಾಳೆಗಳು

ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಶತ್ರುತ್ವದ ಮುಚ್ಚುಮರೆ ಹೋಯಿತು. ಬ್ರಿಟಿಷ್ ನೌಕಾಪಡೆಯ ಅಳತೆಗಳನ್ನೇ ಆಧರಿಸಿ, ಅದನ್ನು ಶೀರ್ಷಿಕೆಯಲ್ಲಿ ಒಪ್ಪಿಕೊಂಡೇ, ಫ್ರೆಂಚ್ ದೆಪೋ ಇಂಗ್ಲಿಷ್ ದಡದ ನಕ್ಷೆ ಅಚ್ಚು ಹಾಕತೊಡಗಿತು. 1886ರಿಂದ ಸಂಸ್ಥೆಯ ಹೆಸರು ಸರ್ವಿಸ್ ಹಿದ್ರೊಗ್ರಫೀಕ್ ದ ಲಾ ಮರೀನ್. ಮುದ್ರೆಯಲ್ಲಿ ಯಾವ ಹೆಸರಿದೆ ಎಂದು ನೋಡಿದರೆ ಆ ವರ್ಷದ ಹಿಂದಿನದೋ ಮುಂದಿನದೋ ತಿಳಿಯುತ್ತದೆ. ಆಳ ಮೀಟರಿನಲ್ಲಿ, ಅತಿ ಕಡಿಮೆ ಇಳಿತದ ಮಟ್ಟದಿಂದ ಎಣಿಸಿದ್ದು. ದೀಪಸ್ತಂಭಗಳ ಮೇಲೆ ಕೈಯಿಂದ ಹಾಕಿದ ಹಳದಿ, ಕೆಂಪು ಚುಕ್ಕೆಗಳಿರುತ್ತವೆ.

ನಿಖರತೆಯಲ್ಲಿ ಇವಕ್ಕೆ ಸಾಟಿ ಇಲ್ಲ, ಬೆಲೆಯೂ ಹಗುರ. ಆದರೂ ಫ್ರೆಂಚ್ ಕಣ್ಣು ಎಂಬುದು ಇವುಗಳಲ್ಲಿ ಮಾಯವಾಗಿದೆ. ಬ್ರಿಟಿಷ್ ನಕ್ಷೆಯ ಮೇಲೆ ಫ್ರೆಂಚ್ ಹೆಸರು ಬರೆದಂತೆ. ಹಡಗಿನಲ್ಲಿ ನಿಜವಾಗಿ ಬಳಸಿದ, ಪೆನ್ಸಿಲಿನ ದಾರಿಗೆರೆ, ಕೈವಾರದ ಮುಳ್ಳಿನ ತೂತು ಇರುವ ಪ್ರತಿ ಸಿಕ್ಕರೆ ಮಾತ್ರ ಬಿಡಬೇಡಿ. ಆ ಪೆನ್ಸಿಲ್ ಗೆರೆಯನ್ನು ಯಾರೂ ಅಳಿಸದಂತೆ ನೋಡಿಕೊಳ್ಳಿ.

ಅಸಲಿಯೋ ನಕಲಿಯೋ

ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಒಂದಿರಲಿ. ತಾಮ್ರದ ಕೆತ್ತನೆಯ ಗೆರೆ ಶುರುವಾಗುವಲ್ಲಿ ಚೂಪು, ನಡುವೆ ತುಂಬು, ಮುಗಿಯುವಲ್ಲಿ ಮತ್ತೆ ಚೂಪು. ಶಾಯಿ ಕಾಗದದ ಮೇಲೆ ತುಸು ಉಬ್ಬಿ ನಿಂತಿರುತ್ತದೆ. ಕರಾವಳಿಯ ನೆರಳಿಗೆಂದು ಹಾಕಿದ ಅಡ್ಡಗೆರೆಗಳಲ್ಲಿ ಇದು ಸ್ಪಷ್ಟ. ಗೆರೆಯ ಬದಲು ಚುಕ್ಕೆಗಳ ಜಾಲರಿ ಕಂಡರೆ ಅದು ಫೋಟೋ ಮುದ್ರಣ, ಅಲ್ಲಿಗೆ ಮುಗಿಯಿತು. ದೀಪವನ್ನು ಒಂದು ಪಕ್ಕದಿಂದ ತಗ್ಗಿಸಿ ಹಿಡಿದರೆ ಚಿತ್ರದ ಹೊರಗೆ ಸುತ್ತಲೂ ತಟ್ಟೆ ಒತ್ತಿದ ಹಳ್ಳ ಕಾಣಬೇಕು. ನಕಲು ಮಾಡುವವರು ಈ ಹಳ್ಳವನ್ನೂ ಒತ್ತುತ್ತಾರೆ; ಹಾಗಾಗಿ ಹಳ್ಳ ಒಂದೇ ಸಾಲದು, ಗೆರೆಯೂ ಸರಿಯಿರಬೇಕು.

ಆಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹದಿನೇಳು, ಹದಿನೆಂಟನೇ ಶತಮಾನದ ಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳೂ, ಅವಕ್ಕೆ ಅಡ್ಡಲಾಗಿ ಸುಮಾರು ಎರಡೂವರೆ ಸೆಂಟಿಮೀಟರಿಗೊಂದರಂತೆ ದಪ್ಪ ಗೆರೆಗಳೂ ಕಾಣುತ್ತವೆ. ಕಾಗದ ಮಾಡುವ ತಂತಿ ಜರಡಿಯ ಗುರುತು ಅದು. ನಡುವೆಲ್ಲೋ ಗಿರಣಿಯ ನೀರುಗುರುತೂ ಇರಬಹುದು. ಈ ಗೆರೆಗಳಿಲ್ಲದ ನುಣುಪು ಕಾಗದ ಫ್ರಾನ್ಸಿನಲ್ಲಿ ಬಳಕೆಗೆ ಬಂದದ್ದು 1770ರ ದಶಕದ ಕೊನೆಯ ನಂತರ. 1764ರ ಪ್ಲಾನು ನುಣುಪು ಕಾಗದದ ಮೇಲಿದ್ದರೆ ಒಂದೋ ತಡವಾಗಿ ಹಾಕಿದ ಅಚ್ಚು, ಇಲ್ಲವೇ ನಕಲು. ಚಹಾ ನೀರಿನಲ್ಲಿ ಅದ್ದಿ ಹಳದಿ ಮಾಡಿದ ಹಾಳೆ ಅಂಚಿನಿಂದ ನಡುವಿನವರೆಗೂ ಒಂದೇ ಬಣ್ಣ ತಾಳಿರುತ್ತದೆ. ನಿಜವಾದ ವಯಸ್ಸು ಹಾಗೆ ಸಮನಾಗಿ ಬರುವುದಿಲ್ಲ: ಗಾಳಿ ಬೆಳಕು ತಾಗುವ ಅಂಚು ಹೆಚ್ಚು ಕಂದು, ನಡು ತಿಳಿ.

ಅಚ್ಚಿನ ಕಡುಪನ್ನೂ ಗಮನಿಸಿ. ತಾಮ್ರ ಮೆದು ಲೋಹ. ಅಚ್ಚು ಹಾಕಿದಂತೆಲ್ಲ ಸವೆಯುತ್ತದೆ. ಮೊದಲು ಅಳಿಯುವುದು ದಿಕ್ಕುಗೆರೆಗಳು, ನೆರಳಿನ ಗೆರೆಗಳು. ಕೊನೆಗೆ ಸಣ್ಣ ಆಳದ ಅಂಕಿಗಳೂ ಮಸುಕು. ಒಂದು ಕಡೆ ಮಾತ್ರ ಕಡು ಕಪ್ಪಾಗಿ, ಪಕ್ಕದಲ್ಲೇ ಬೂದಾಗಿದ್ದರೆ ಸವೆದ ತಟ್ಟೆಯನ್ನು ಅಲ್ಲಲ್ಲಿ ಮತ್ತೆ ಕೆತ್ತಿದ್ದಾರೆ.

ಬಣ್ಣದ ವಿಷಯದಲ್ಲಿ ನಮ್ಮ ನಿಲುವು ಗಟ್ಟಿ. ದೆಪೋದ ನಕ್ಷೆಗಳು ಸಾಮಾನ್ಯವಾಗಿ ಬಣ್ಣವಿಲ್ಲದೆ ಮಾರಾಟವಾದವು. ಬೆಲ್ಲಿನ್ ಹಾಳೆಯಲ್ಲಿ ಕಡಲಿಗೆ ನೀಲಿ, ದಡಕ್ಕೆ ಗುಲಾಬಿ ಕಂಡರೆ ಅದು ನಮ್ಮ ಕಾಲದ ಕುಂಚದ್ದೆಂದೇ ತಿಳಿದು ಮಾತಾಡಿ. ಅಲ್ಲವೆಂದು ತೋರಿಸುವ ಹೊಣೆ ಮಾರುವವರದು. ಹಳೆಯ ಹಸಿರು ತಾಮ್ರದ ಕಿಲುಬಿನಿಂದ ಮಾಡಿದ ಬಣ್ಣ. ಅದು ಶತಮಾನ ಕಳೆದಂತೆ ಕಾಗದವನ್ನು ಸುಟ್ಟು ಹಿಂಬದಿಯಲ್ಲಿ ಕಂದು ಗೆರೆಯಾಗಿ ಮೂಡುತ್ತದೆ. ಹಾಳೆ ತಿರುಗಿಸಿದಾಗ ಹಸಿರಿದ್ದ ಜಾಗದ ಹಿಂದೆ ಆ ಕಂದು ಕಂಡರೆ ಬಣ್ಣ ಹಳೆಯದು. ಆ ಗೆರೆಯುದ್ದಕ್ಕೂ ಕಾಗದ ಬಿರಿಯಬಹುದು ಎಂಬ ಅಪಾಯವೂ ಅದರ ಜೊತೆಗೇ ಬರುತ್ತದೆ.

ಯಾವ ಹಾನಿ ಸಹಿಸಬಹುದು

ನಡು ಮಡಿಕೆಯ ಕೆಳತುದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಬಿರುಕು, ಜಪಾನಿ ಕಾಗದದಿಂದ ಹಿಂಬದಿ ಬೆಸೆದದ್ದು: ಚಿಂತೆಯಿಲ್ಲ. ಅಂಚಿನಲ್ಲಿ ಬೆರಳಿನ ಕೊಳೆ, ತಿಳಿ ನೀರುಕಲೆ: ಬೆಲೆ ಇಳಿಸಿ ಕೇಳಿ, ಕೊಳ್ಳಿ. ಕಂದು ಚುಕ್ಕೆಗಳು ಅಂಚಿಗೆ ಸೀಮಿತವಾಗಿದ್ದರೆ ಪರವಾಗಿಲ್ಲ, ಕಡಲಿನ ಖಾಲಿ ಜಾಗದ ತುಂಬ ಹರಡಿದ್ದರೆ ನೋಟ ಕೆಡುತ್ತದೆ.

ಬಿಟ್ಟುಬಿಡಬೇಕಾದವು ಬೇರೆ. ಚೌಕಟ್ಟಿನ ಗೆರೆಯವರೆಗೆ ಅಂಚು ಕತ್ತರಿಸಿದ ಹಾಳೆ. ಅದರಲ್ಲಿ ತಟ್ಟೆಯ ಹಳ್ಳವೂ ಹೋಗಿರುತ್ತದೆ, ಬೆಲೆ ಕೆತ್ತಿದ ಸಾಲೂ ಹೋಗಿರುತ್ತದೆ. ಹಿಂಬದಿಗೆ ಸೆಲೋಟೇಪ್ ಅಂಟಿಸಿದ್ದು. ಟೇಪಿನ ಅಂಟು ಕಾಗದದೊಳಗೆ ಇಳಿದು ಹಳದಿ ಪಟ್ಟಿಯಾಗಿ ಮುಂಬದಿಗೆ ಬರುತ್ತದೆ, ತೆಗೆಸುವ ಖರ್ಚು ಪುಟ್ಟ ಪ್ಲಾನಿನ ಬೆಲೆಯನ್ನೇ ಮೀರಬಹುದು. ಬಿಸಿ ಒತ್ತಿ ರಟ್ಟಿಗೆ ಅಂಟಿಸಿದ ಹಾಳೆಯನ್ನೂ ಮುಟ್ಟಬೇಡಿ: ಹಿಂಬದಿ ನೋಡಲಾಗದು, ನೀರುಗುರುತು ಕಾಣದು, ಬಿಡಿಸುವಾಗ ಹರಿಯುತ್ತದೆ. ಬಟ್ಟೆಗೆ ಅಂಟಿಸಿದ ಕಡಲ ನಕ್ಷೆ ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಹಡಗಿನ ಬಳಕೆಗೆ ಹಿಂದೆ ಹಾಗೆಯೇ ಮಾಡುತ್ತಿದ್ದರು.

ಮಾರುವವರಿಂದ ಈ ಚಿತ್ರಗಳನ್ನು ಕೇಳಿ: ಇಡೀ ಮುಂಬದಿ, ಇಡೀ ಹಿಂಬದಿ, ಬೆಳಕಿಗೆ ಹಿಡಿದದ್ದು, ನಾಲ್ಕೂ ಮೂಲೆ, ಶೀರ್ಷಿಕೆ ಹತ್ತಿರದಿಂದ, ಸ್ಕೇಲು ಪಕ್ಕದಲ್ಲಿಟ್ಟ ಒಂದು. ಒಳ್ಳೆಯ ಅಂಗಡಿಯವರು ಬೇಸರವಿಲ್ಲದೆ ಕಳಿಸುತ್ತಾರೆ. ಹಿಂಬದಿಯ ಚಿತ್ರ ಕೊಡಲು ಹಿಂದೇಟು ಹಾಕಿದರೆ ಅಲ್ಲಿ ನಿಲ್ಲಬೇಡಿ.

ತರಿಸುವುದು, ಇಡುವುದು

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯ ಬೆಲೆಯಲ್ಲ. ಕೊಳ್ಳುವವರ ಮೇಲೆ ಹರಾಜು ಮನೆ ಹಾಕುವ ಶುಲ್ಕ ಕಾಲು ಭಾಗದಷ್ಟೋ ಇನ್ನೂ ಹೆಚ್ಚೋ ಇರುತ್ತದೆ. ಅದರ ಮೇಲೆ ತೆರಿಗೆ, ಸಾಗಣೆ, ವಿಮೆ. ಭಾರತಕ್ಕೆ ತರಿಸುವುದಾದರೆ ಸರಕುಪಟ್ಟಿಯಲ್ಲಿ "ಮೂಲ ಕೆತ್ತನೆ, ನೂರು ವರ್ಷಕ್ಕಿಂತ ಹಳೆಯದು" ಎಂದೂ, ಮುದ್ರಣದ ವರ್ಷವನ್ನೂ ಬರೆಸಿ. ಆ ಕಾಗದಗಳನ್ನು ಜೋಪಾನ ಮಾಡಿ. ನೂರು ವರ್ಷ ದಾಟಿದ ಕಲಾವಸ್ತುಗಳನ್ನು ದೇಶದಿಂದ ಹೊರಗೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆಯ ನಿರ್ಬಂಧವಿದೆ. ಮುಂದೆ ಮಗಳ ಮನೆಗೆ ವಿದೇಶಕ್ಕೆ ಒಯ್ಯಬೇಕಾದಾಗ, ಇದು ಹೊರಗಿನಿಂದ ಬಂದದ್ದು ಎಂದು ತೋರಿಸಲು ಅವೇ ಆಧಾರ.

ನಡು ಮಡಿಕೆ ಇರುವ ಹಾಳೆಯನ್ನು ಸಣ್ಣ ಕೊಳವೆಯಲ್ಲಿ ಸುತ್ತಿ ಕಳಿಸಿದರೆ ಮಡಿಕೆಯುದ್ದಕ್ಕೂ ಹರಿಯುತ್ತದೆ. ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕಳಿಸಲು ಹೇಳಿ. ಸುತ್ತಲೇಬೇಕೆಂದರೆ ಕೊಳವೆ ಕನಿಷ್ಠ 10 ಸೆಂಟಿಮೀಟರ್ ಅಗಲವಿರಲಿ.

ಫ್ರೇಮ್ ಹಾಕುವವರಿಗೆ ಮೂರು ಮಾತು ಬರೆದೇ ಕೊಡಿ. ಹತ್ತಿಯಿಂದ ಮಾಡಿದ, ಆಮ್ಲವಿಲ್ಲದ ಮೌಂಟ್ ರಟ್ಟು, ಹಿಂದೆಯೂ ಮುಂದೆಯೂ. ಹಾಳೆಯನ್ನು ಮೇಲಂಚಿನಲ್ಲಿ ಮಾತ್ರ, ಜಪಾನಿ ಕಾಗದದ ಎರಡು ತುಂಡಿನಿಂದ, ಗೋಧಿ ಗಂಜಿಯಿಂದ ತೂಗುಹಾಕಬೇಕು. ನಾಲ್ಕೂ ಕಡೆ ಅಂಟಿಸಿದರೆ ತೇವಕ್ಕೆ ಹಿಗ್ಗಿ ಅಲೆಅಲೆಯಾಗುತ್ತದೆ. ಗಾಜು ಹಾಳೆಗೆ ತಾಗಕೂಡದು, ಅತಿನೇರಳೆ ಕಿರಣ ತಡೆಯುವಂಥದ್ದಾಗಿರಬೇಕು. ತಟ್ಟೆಯ ಹಳ್ಳ ಕಾಣುವಂತೆ ಮೌಂಟಿನ ಕಿಟಕಿಯನ್ನು ಅರ್ಧ ಸೆಂಟಿಮೀಟರ್ ಹೊರಗೆ ಕತ್ತರಿಸಲು ಹೇಳುವುದನ್ನು ಮರೆಯಬೇಡಿ. ವಸ್ತುಸಂಗ್ರಹಾಲಯಗಳು ಕಾಗದದ ಮೇಲಿನ ಕೆಲಸಕ್ಕೆ 50 ಲಕ್ಸ್ ಬೆಳಕು ಸಾಕೆನ್ನುತ್ತವೆ. ಮನೆಯಲ್ಲಿ ಅಷ್ಟು ಕತ್ತಲು ಕಷ್ಟ, ಆದರೆ ಬಿಸಿಲು ಬೀಳುವ ಗೋಡೆ ಮಾತ್ರ ಬೇಡ.

ಬೆಂಗಳೂರು, ಮೈಸೂರಿನಲ್ಲಿ ಹಾಳೆ ನೆಮ್ಮದಿಯಾಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲ ಬೇರೆಯೇ ಲೆಕ್ಕ. ಗಾಳಿಯ ತೇವ ಶೇಕಡ 80 ದಾಟಿ ವಾರಗಟ್ಟಲೆ ನಿಂತರೆ ಬೂಷ್ಟು ಹಿಡಿಯುತ್ತದೆ, ಸಿಲ್ವರ್‌ಫಿಶ್ ಹುಳ ಗಂಜಿಯ ಆಸೆಗೆ ಬರುತ್ತದೆ. ಫ್ರೇಮಿನ ಹಿಂಬದಿಯ ನಾಲ್ಕು ಮೂಲೆಗೆ ಬಿರಡೆಯ ತುಂಡು ಅಂಟಿಸಿ ಗೋಡೆಯಿಂದ ಒಂದು ಸೆಂಟಿಮೀಟರ್ ದೂರ ನಿಲ್ಲಿಸಿ. ಹೊರಗೋಡೆಗೆ ತೂಗುಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ತಿಂಗಳಿಗೊಮ್ಮೆ ಇಳಿಸಿ, ಹಿಂಬದಿಯ ಕಾಗದ ಮುಟ್ಟಿ ನೋಡಿ. ತಣ್ಣಗೆ ಮೆತ್ತಗೆ ಅನ್ನಿಸಿದರೆ ಮಳೆ ನಿಲ್ಲುವವರೆಗೆ ಒಳಕೋಣೆಯ ಒಣ ಕಪಾಟಿಗೆ ಸೇರಿಸಿ.